ಹಾರಲಾರದ ಹಕ್ಕಿಗೆ ಎರಡು ಉದಾಹರಣೆ ಕೊಡಿ

ಸಾಗರದ ಆಸುಪಾಸಿನ ಹೈಸ್ಕೂಲುಗಳಲ್ಲಿ ಮೂವತ್ತೊಂದು ವರ್ಷ ಜೀವಶಾಸ್ತ್ರ ಪಾಠ ಮಾಡಿದವಳು ನಾನು. ಪ್ರಶ್ನೆಪತ್ರಿಕೆ ತಯಾರಿಸುವಾಗ ಒಂದು ಅಂಕ ಕಮ್ಮಿ ಬಿತ್ತು ಅಂದರೆ ಒಂದು ಪ್ರಶ್ನೆ ಸದಾ ಕೈಗೆ ಸಿಗುತ್ತಿತ್ತು. ‘ಹಾರಲಾರದ ಹಕ್ಕಿಗೆ ಎರಡು ಉದಾಹರಣೆ ಕೊಡಿ.’ ಆಸ್ಟ್ರಿಚ್, ಎಮು ಅಂತ ಬರೆದರೆ ಅಂಕ. ‘ಕೋಳಿ’ ಅಂತ ಬರೆದವರಿಗೆ ಕೆಂಪು ಗೀಟು. ಕೋಳಿ ಬೇಲಿ ಹಾರಲ್ವಾ, ಮರ ಹತ್ತಿ ಮಲಗಲ್ವಾ ಅಂತ ಬೈದದ್ದೂ ಉಂಟು.

ಅಷ್ಟು ವರ್ಷ ಕೇಳಿದ ಪ್ರಶ್ನೆಯ ಉತ್ತರವನ್ನು ನಾನೇ ಸರಿಯಾಗಿ ನೋಡಿರಲಿಲ್ಲ. ನಮ್ಮ ಕಡೆ ಒಬ್ಬರು ಎಮು ಸಾಕಿ ಕೈಸುಟ್ಟುಕೊಂಡಿದ್ದರು. ಮರಿ ಮಾರಿದವರು, ಮೊಟ್ಟೆ, ಎಣ್ಣೆ ಎಲ್ಲ ನಾವೇ ಕೊಳ್ಳುತ್ತೇವೆ ಅಂದಿದ್ದರಂತೆ. ಆಮೇಲೆ ಫೋನೇ ಎತ್ತಲಿಲ್ಲ. ಬೇಲಿಯಾಚೆಯಿಂದ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ ಆ ನಾಲ್ಕು ಎಮುಗಳೇ ನನ್ನ ಅನುಭವ.

ಹಾಗಾಗಿ ಅಕ್ಕನ ಮಗಳು ಮೇಘಾ ‘ಚಿಕ್ಕಮ್ಮ, ರಿಟೈರ್ ಆಯ್ತಲ್ಲ, ಇನ್ನೇನು ನೆಪ? ಬನ್ನಿ’ ಅಂತ ನ್ಯೂಜಿಲೆಂಡಿನಿಂದ ಕರೆದಾಗ ತಕ್ಷಣ ಒಪ್ಪಿಕೊಂಡೆ. ನಮ್ಮನೆಯವರು ಹೋದಲ್ಲೆಲ್ಲ ‘ಕಿವಿ ನೋಡೋಕೆ ಹೋಗ್ತಿದೀವಿ’ ಅಂತ ಹೇಳಿಕೊಂಡು ತಿರುಗಿದರು. ಕಿವಿ ಅನ್ನುವುದು ಅಲ್ಲಿನ ಹಾರದ ಹಕ್ಕಿಯ ಹೆಸರು. ‘ಅದಕ್ಕೆ ಅಷ್ಟು ದೂರ ಯಾಕ್ರೀ, ಕನ್ನಡಿ ಮುಂದೆ ನಿಂತ್ರೆ ಎರಡು ಕಾಣ್ತಾವಲ್ಲ’ ಅಂದರು ಪಕ್ಕದ ಮನೆ ಭಟ್ಟರು.

ವಿಮಾನದ ವಿಷಯ ಹೇಳುವಂಥದ್ದೇನಿಲ್ಲ. ಆಕ್ಲೆಂಡಿನಲ್ಲಿ ಇಳಿದಾಗ ಮಾತ್ರ ಒಂದು ಸಣ್ಣ ಪರೀಕ್ಷೆ. ತಂದ ತಿಂಡಿ, ಗಿಡಮೂಲಿಕೆ, ಮಣ್ಣು ಮೆತ್ತಿದ ಚಪ್ಪಲಿ, ಎಲ್ಲವನ್ನೂ ಫಾರಂನಲ್ಲಿ ಬರೆಯಬೇಕು. ಬಚ್ಚಿಟ್ಟರೆ ಸ್ಥಳದಲ್ಲೇ 400 ಡಾಲರ್ ದಂಡ. ನಾನು ಚಟ್ನಿಪುಡಿಯಿಂದ ಹಿಡಿದು ಎಲ್ಲ ಬರೆದೆ. ಇವರ ಶೂಗಳ ಅಡಿಯಲ್ಲಿ ನಮ್ಮ ತೋಟದ ಕೆಂಪು ಮಣ್ಣು ಇತ್ತು. ಅಧಿಕಾರಿ ಅದನ್ನು ಒಳಗೆ ಒಯ್ದು, ತೊಳೆದು, ಒರೆಸಿ ತಂದುಕೊಟ್ಟಳು. ‘ನೀನು ಒಂದು ದಿನಾನೂ ಹೀಗೆ ತೊಳೆದುಕೊಟ್ಟಿಲ್ಲ’ ಅಂದರು ಇವರು.

ಮೊದಲ ದಿನ: ಡನೀಡನ್

ನವೆಂಬರ್ ಕೊನೆ. ಅಲ್ಲಿ ಅದು ಬೇಸಿಗೆಯ ಶುರು ಅಂತೆ. ನಾನು ಸ್ವೆಟರ್ ಮೇಲೆ ಶಾಲು ಹೊದ್ದು ನಡೆಯುತ್ತಿದ್ದರೆ ಕಾಲೇಜು ಹುಡುಗರು ಚಡ್ಡಿಯಲ್ಲಿ ಓಡಾಡುತ್ತಿದ್ದರು. ಮಳೆ ಬಂತು ಅಂತ ಒಟಾಗೊ ಮ್ಯೂಸಿಯಂ ಒಳಗೆ ಹೊಕ್ಕೆವು. ಪ್ರವೇಶಕ್ಕೆ ದುಡ್ಡಿರಲಿಲ್ಲ.

ಮೋವಾ ಅನ್ನುವ, ಈಗ ಅಳಿದುಹೋದ ಹಾರದ ಹಕ್ಕಿಯ ಅಸ್ಥಿಪಂಜರದ ಎದುರು ನಿಂತಾಗ ನನ್ನ ಕಣ್ಣು ಮೊದಲು ರೆಕ್ಕೆಯ ಮೂಳೆ ಹುಡುಕಿತು. ಪಾಠ ಮಾಡಿದ ಚಾಳಿ. ಎಮುವಿಗೂ ಕಿವಿಗೂ ಕಡ್ಡಿಯಷ್ಟಾದರೂ ರೆಕ್ಕೆ ಮೂಳೆ ಉಳಿದಿರುತ್ತದೆ. ಮೋವಾಗೆ ಅದೂ ಇಲ್ಲ. ಭುಜದ ಕೆಳಗೆ ಖಾಲಿ. ಕಾಲು ಮಾತ್ರ ನಮ್ಮ ಹಳೇ ಮನೆಯ ಕಂಬದ ಹಾಗೆ.

ಒಂಬತ್ತು ಬಗೆಯ ಮೋವಾಗಳಿದ್ದವು. ಎಲ್ಲಕ್ಕಿಂತ ದೊಡ್ಡದು ಕತ್ತು ಪೂರ್ತಿ ಎತ್ತಿದರೆ 3.6 ಮೀಟರ್, ತೂಕ 200 ಕಿಲೋ ದಾಟುತ್ತಿತ್ತು. ಅದೂ ಹೆಣ್ಣು. ಗಂಡು ಅದರ ಮುಂದೆ ಮರಿಯ ಹಾಗೆ. ಎಷ್ಟು ಸಣ್ಣದು ಅಂದರೆ ಗಂಡು ಹೆಣ್ಣನ್ನು ಬೇರೆ ಬೇರೆ ಜಾತಿ ಅಂತಲೇ ವಿಜ್ಞಾನಿಗಳು ತಿಳಿದುಕೊಂಡಿದ್ದರು. 2003ರಲ್ಲಿ ಮೂಳೆಯ ಡಿಎನ್‌ಎ ನೋಡಿದ ಮೇಲೇ ಎರಡೂ ಒಂದೇ ಸಂಸಾರ ಅಂತ ಗೊತ್ತಾದದ್ದು. ಇದನ್ನು ಹೇಳಿದಾಗ ಮೇಘಾ ನಮ್ಮಿಬ್ಬರನ್ನೂ ಒಮ್ಮೆ ನೋಡಿ ನಕ್ಕಳು. ಇವರು ಸ್ವಲ್ಪ ಕುಳ್ಳು.

ಈ ದ್ವೀಪಗಳಲ್ಲಿ ಬಾವಲಿ ಬಿಟ್ಟರೆ ನೆಲದ ಮೇಲೆ ಹುಟ್ಟಾ ಇದ್ದ ಸಸ್ತನಿಗಳೇ ಇರಲಿಲ್ಲ. ನಾಯಿ, ಬೆಕ್ಕು, ನರಿ, ಇಲಿ ಯಾವುದೂ ಇಲ್ಲ. ನೆಲದಲ್ಲಿ ಅಟ್ಟಿಸಿಕೊಂಡು ಬರುವವರೇ ಇಲ್ಲದ ಮೇಲೆ ಹಾರುವುದು ಬರೀ ದಂಡದ ಖರ್ಚು. ಎದೆಯ ಮೇಲೆ ಅಷ್ಟು ದಪ್ಪ ಸ್ನಾಯು ಸಾಕಬೇಕು, ಅದಕ್ಕೆ ದಿನವಿಡೀ ತಿನ್ನಬೇಕು. ಅದನ್ನು ಬಿಟ್ಟು ಕಾಲು, ಹೊಟ್ಟೆ ಬೆಳೆಸಿಕೊಂಡವು. ‘ಹಾರಲಾರದ’ ಅಂತ ಕನಿಕರದಿಂದ ಹೇಳುವ ಪದ ಅಲ್ಲಿ ನಿಂತಾಗ ನನಗೆ ಸ್ವಲ್ಪ ಇರುಸುಮುರುಸಾಯಿತು. ‘ಹಾರುವುದನ್ನು ಬಿಟ್ಟ’ ಅಂದಿದ್ದರೆ ಸಾಕಿತ್ತು, ಅಲ್ವಾ?

ಇನ್ನೊಂದು ತಪ್ಪೂ ಅಲ್ಲೇ ಗೊತ್ತಾಯಿತು. ಆಸ್ಟ್ರಿಚ್, ಎಮು, ಮೋವಾ, ಕಿವಿ ಎಲ್ಲ ಹಾರದ ಒಬ್ಬನೇ ಅಜ್ಜನ ಮೊಮ್ಮಕ್ಕಳು ಅಂತ ನಾನು ಹೇಳಿಕೊಡುತ್ತಿದ್ದೆ. ಹಾಗಲ್ಲವಂತೆ. ಮೋವಾದ ಹತ್ತಿರದ ನೆಂಟ ದಕ್ಷಿಣ ಅಮೆರಿಕದ ಟಿನಮು, ಅದು ಈಗಲೂ ಹಾರುತ್ತದೆ. ಕಿವಿಯ ಹತ್ತಿರದ ನೆಂಟ ಎದುರು ಮನೆಯ ಮೋವಾ ಅಲ್ಲವೇ ಅಲ್ಲ, ಎಲ್ಲೋ ಮಡಗಾಸ್ಕರಿನಲ್ಲಿದ್ದು ಅಳಿದುಹೋದ ಆನೆಹಕ್ಕಿ. ಅಂದರೆ ಬೇರೆ ಬೇರೆ ಮನೆತನಗಳು ಬೇರೆ ಬೇರೆ ಕಾಲದಲ್ಲಿ ಹಾರುವುದನ್ನು ಬಿಟ್ಟಿವೆ.

‘ಡೋಡೊ ಎಲ್ಲಿದೆ?’ ಅಂತ ಇವರು ಕೇಳಿದರು. ಅದು ಮಾರಿಷಸ್‌ನದ್ದು, ಪಾರಿವಾಳದ ಜಾತಿ. ಇವತ್ತು ಬದುಕಿರುವವರಲ್ಲಿ ಅದರ ಹತ್ತಿರದ ನೆಂಟ ನಮ್ಮ ನಿಕೋಬಾರ್ ಪಾರಿವಾಳ. ಹದಿನೇಳನೇ ಶತಮಾನದಲ್ಲಿ ಸೂರತ್‌ಗೂ ಡೋಡೊ ಬಂದಿತ್ತು. ಪೀಟರ್ ಮಂಡಿ ಅನ್ನುವ ಇಂಗ್ಲಿಷ್ ವ್ಯಾಪಾರಿ ಅಲ್ಲಿ ಎರಡನ್ನು ನೋಡಿ ಬರೆದಿಟ್ಟಿದ್ದಾನೆ. ಆಸ್ಟ್ರಿಚ್ ಕೂಡ ಒಂದು ಕಾಲಕ್ಕೆ ನಮ್ಮ ದೇಶದಲ್ಲೇ ಓಡಾಡುತ್ತಿತ್ತು. ಮಹಾರಾಷ್ಟ್ರದ ಪಾಟ್ಣೆಯಲ್ಲಿ ಗೀರುಚಿತ್ರ ಬಿಡಿಸಿದ ಅದರ ಮೊಟ್ಟೆ ಚಿಪ್ಪು ಸಿಕ್ಕಿದೆ. ಇಷ್ಟು ಹೇಳಿ ತಿರುಗಿ ನೋಡಿದರೆ ಇವರು ಕ್ಯಾಂಟೀನ್ ಕಡೆ ನಡೆದಿದ್ದರು.

ಅಲ್ಲಿ ಚೀಸ್ ರೋಲ್ ತಿಂದೆವು. ಬ್ರೆಡ್ಡಿನೊಳಗೆ ಚೀಸು, ಈರುಳ್ಳಿ ಸೂಪಿನ ಪುಡಿ ಕಲಸಿ ಸುತ್ತಿ, ಬೆಣ್ಣೆ ಹಚ್ಚಿ ಸುಡುತ್ತಾರೆ. ಆ ದಕ್ಷಿಣದ ತುದಿಯಲ್ಲಿ ಸಸ್ಯಾಹಾರಿಗಳ ಆಪದ್ಬಾಂಧವ ಅದೇ. ಮುಂದಿನ ಐದು ದಿನದಲ್ಲಿ ಎಷ್ಟು ತಿಂದೆವೋ ಲೆಕ್ಕವಿಲ್ಲ.

ಎರಡನೇ ದಿನ: ಓಮಾರು

ಡನೀಡನ್‌ನಿಂದ ಉತ್ತರಕ್ಕೆ ಕಡಲ ಪಕ್ಕದ ದಾರಿ. ಅಲ್ಲೂ ನಮ್ಮ ಹಾಗೇ ಎಡಗಡೆ ಗಾಡಿ ಓಡಿಸುತ್ತಾರೆ. ಮೊಯೆರಾಕಿ ತೀರದಲ್ಲಿ ಇಳಿದೆವು. ಮರಳ ಮೇಲೆ ಯಾರೋ ದೈತ್ಯರು ಊಟಕ್ಕೆ ಕೂತು ರಾಗಿಮುದ್ದೆ ಕಟ್ಟಿಟ್ಟು ಎದ್ದುಹೋದ ಹಾಗೆ ಗುಂಡು ಬಂಡೆಗಳು. ನೀರು ಇಳಿದಾಗ ಹೋಗಬೇಕು. ನಾವು ಹೋದಾಗ ಅಲೆ ಏರುತ್ತಿತ್ತು, ಅರ್ಧ ಮುದ್ದೆ ಸಾರಿನಲ್ಲಿ ಮುಳುಗಿತ್ತು.

ಈ ಉತ್ತರ ಒಟಾಗೊ ಕಡಲ ತೀರದ ಬಂಡೆಗಳಲ್ಲೇ ಒಂದು ಪೆಂಗ್ವಿನ್ನಿನ ಮೂಳೆ ಸಿಕ್ಕಿದೆ. ಐದೂವರೆ ಕೋಟಿ ವರ್ಷಕ್ಕೂ ಹಿಂದಿನದು. 2023ರಲ್ಲಿ ಅದಕ್ಕೆ ಕುಮಿಮಾನು ಫೋರ್ಡೈಸಿ ಅಂತ ಹೆಸರಿಟ್ಟರು. ತೂಕ ಸುಮಾರು 150 ಕಿಲೋ ಇದ್ದಿರಬೇಕು ಅಂತ ಅಂದಾಜು. ಅದೇ ಸೀಮೆಯಲ್ಲಿ ಸಂಜೆ ನಾವು ನೋಡಲು ಹೊರಟಿದ್ದು ಒಂದು ಕಿಲೋದ ಪೆಂಗ್ವಿನ್.

ಓಮಾರು ಬಿಳಿ ಸುಣ್ಣಕಲ್ಲಿನ ಕಟ್ಟಡಗಳ ಊರು. ಬಂದರಿನ ಪಕ್ಕ ಹಳೇ ಕಲ್ಲುಕ್ವಾರಿ ಇದೆ. ಕಲ್ಲು ತೆಗೆಯುವುದು ನಿಂತ ಮೇಲೆ ಕೊರೊರಾ ಅನ್ನುವ ನೀಲಿ ಪೆಂಗ್ವಿನ್‌ಗಳು ಅಲ್ಲಿ ಸಂಸಾರ ಹೂಡಿದವು. ಊರಿನವರು ಓಡಿಸಲಿಲ್ಲ. ಮರದ ಗೂಡು ಮಾಡಿಟ್ಟರು, ನೋಡಲು ಮೆಟ್ಟಿಲು ಕಟ್ಟಿ ಟಿಕೆಟ್ ಇಟ್ಟರು. ಬೇಸಿಗೆಯಲ್ಲಿ ಅವು ಬರುವುದು ರಾತ್ರಿ ಒಂಬತ್ತರ ಮೇಲೆ. ಸೂರ್ಯ ಮುಳುಗುವುದೇ ಅಷ್ಟು ಹೊತ್ತಿಗೆ. ನಾವು ಏಳಕ್ಕೇ ಹೋಗಿ ಕೂತೆವು. ಕಡಲ ಗಾಳಿಗೆ ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಬೇಸಿಗೆ ಅಂತ ನಂಬಬೇಡಿ, ಕಂಬಳಿ ಒಯ್ಯಿರಿ.

ಮೊದಲು ನೀರಿನ ಮೇಲೆ ಒಂದು ಕಪ್ಪು ತೇಪೆ ಕಂಡಿತು. ತೇಪೆ ದಡಕ್ಕೆ ಬಂದು ಒಡೆದು ಇಪ್ಪತ್ತು ಮೂವತ್ತು ಪುಟ್ಟ ತಲೆಗಳಾಯಿತು. ಕಲ್ಲು ಹತ್ತುವಾಗ ಜಾರುತ್ತವೆ, ಬೀಳುತ್ತವೆ, ಮತ್ತೆ ಹತ್ತುತ್ತವೆ. ಮೇಲೆ ಬಂದ ಮೇಲೆ ಎಲ್ಲವೂ ನಿಂತು ಉಸಿರು ತೆಗೆದುಕೊಳ್ಳುತ್ತವೆ. ಒಂದು ಧೈರ್ಯ ಮಾಡಿ ಬಯಲು ದಾಟಿದರೆ ಉಳಿದವು ಹಿಂದಿನಿಂದ ದಡಬಡ ಓಡುತ್ತವೆ, ಥೇಟ್ ಶಾಲೆ ಬಿಟ್ಟ ಮಕ್ಕಳು. ಒಂದು ಗೇಣಿಗಿಂತ ಸ್ವಲ್ಪ ಎತ್ತರ, ಅಷ್ಟೇ. ಮೀನಿನ ವಾಸನೆ ಮಾತ್ರ ಆನೆಯಷ್ಟು.

ಇವಕ್ಕೆ ಹಾರುವ ಸ್ನಾಯು ಅಂಟಿಕೊಳ್ಳುವ ಎದೆಯ ಏಣುಮೂಳೆ ಗಟ್ಟಿಯಾಗೇ ಉಳಿದಿದೆ, ಸ್ನಾಯುವೂ ಇದೆ. ಗಾಳಿಯ ಬದಲು ನೀರಿನಲ್ಲಿ ರೆಕ್ಕೆ ಬಡಿಯುತ್ತವೆ. ಮೋವಾವನ್ನೂ ಪೆಂಗ್ವಿನ್ನನ್ನೂ ಒಂದೇ ಒಂದಂಕದ ಉತ್ತರದಲ್ಲಿ ಕೂರಿಸಿದ್ದೆನಲ್ಲ ಅನ್ನಿಸಿತು.

ಫೋಟೋ ತೆಗೆಯುವಂತಿಲ್ಲ. ಬೆಳಕಿಗೆ ಅವು ಬೆದರುತ್ತವೆ. ಇದೇ ಒಳ್ಳೆಯದಾಯಿತು. ಮುನ್ನೂರು ಫೋನುಗಳ ಬೆನ್ನು ನೋಡುವ ಕರ್ಮ ತಪ್ಪಿತು.

ಹನ್ನೊಂದು ಗಂಟೆಗೆ ಕಾರಿನ ಹತ್ತಿರ ಬಂದೆವು. ಹೊರಡುವ ಮೊದಲು ಕಾರಿನ ಅಡಿ ನೋಡಿ ಅಂತ ಅಲ್ಲಿ ಬೋರ್ಡಿದೆ. ಮೇಘಾ ಸುಮ್ನೆ ಬಗ್ಗಿ ನೋಡಿದಳು. ಹಿಂದಿನ ಚಕ್ರದ ಪಕ್ಕ ಒಬ್ಬರು ನಿಂತಿದ್ದರು, ಬಸ್ಸಿಗೆ ಕಾಯುವವರ ಹಾಗೆ. ‘ಈಗೇನ್ ಮಾಡೋದು?’ ಅಂದೆ. ‘ಕಾಯೋದು ಚಿಕ್ಕಮ್ಮ.’ ನಾಯಿ ಕರೆದುಕೊಂಡು ಹೋಗುತ್ತಿದ್ದ ಒಬ್ಬ ಅಜ್ಜ ನಮ್ಮನ್ನು ನೋಡಿ ದೂರದಲ್ಲೇ ನಿಂತು, ನಾಯಿಯನ್ನು ಎತ್ತಿಕೊಂಡರು. ತಮ್ಮ ಮನೆಯ ನೆಲದ ಹಲಗೆಯ ಕೆಳಗೂ ಒಂದು ಜೋಡಿ ಇದೆ, ರಾತ್ರಿಯಿಡೀ ಕತ್ತೆ ಕಿರುಚಿದ ಹಾಗೆ ಕಿರುಚುತ್ತವೆ, ಬಾಡಿಗೆಯೂ ಕೊಡುವುದಿಲ್ಲ ಅಂದರು. ಇಪ್ಪತ್ತು ನಿಮಿಷವಾದ ಮೇಲೆ ನಮ್ಮ ಚಕ್ರದವರು ಮೈ ಕೊಡವಿ, ರಸ್ತೆ ದಾಟಿ, ಕತ್ತಲಲ್ಲಿ ಹೊರಟುಹೋದರು.

ಮೂರನೇ ದಿನ: ಟೆ ಅನೌ

ಇಡೀ ದಿನ ದಾರಿ. ದಾರಿ ತುಂಬ ಕುರಿ. ಗದ್ದೆ ಅಂಚಿನಲ್ಲಿ ನೀಲಿ ಮೈ, ಕೆಂಪು ಕೊಕ್ಕಿನ ಪುಕೆಕೊ ಹಕ್ಕಿಗಳು. ನಮ್ಮ ಕೆರೆಯ ಜೊಂಡಿನಲ್ಲಿ ಓಡಾಡುವ ನೇರಳೆ ಕೋಳಿಯ ದಾಯಾದಿ. ಕಾರು ಹತ್ತಿರ ಬಂದರೆ ಭಾರವಾಗಿ ಹಾರಿ ಆಚೆ ಇಳಿಯುತ್ತವೆ. ಅದನ್ನು ಚೆನ್ನಾಗಿ ನೋಡಿಕೊಳ್ಳಿ ಅಂದೆ ಇವರಿಗೆ, ಸಂಜೆ ಬೇಕಾಗುತ್ತದೆ.

ಟೆ ಅನೌ ಸರೋವರದ ದಡದಲ್ಲಿ ಪುಟ್ಟ ಪಕ್ಷಿಧಾಮ ಇದೆ. ಇಲ್ಲೂ ದುಡ್ಡಿಲ್ಲ, ಇಷ್ಟ ಬಂದರೆ ಡಬ್ಬಿಗೆ ಹಾಕಬಹುದು. ಬೇಲಿಯ ಒಳಗೆ ತಾಕಹೆ ಮೇಯುತ್ತಿತ್ತು. ಬೆಳಿಗ್ಗೆ ಕಂಡ ಪುಕೆಕೊವನ್ನೇ ಯಾರೋ ಮೂರು ಪಟ್ಟು ತೂಕ ಹಾಕಿ, ಕಾಲು ದಪ್ಪ ಮಾಡಿ, ಕೊಕ್ಕಿಗೆ ಇಕ್ಕಳ ಜೋಡಿಸಿ ಬಿಟ್ಟ ಹಾಗೆ. ಬೆನ್ನ ಮೇಲೆ ನವಿಲಿನ ಹಸಿರು. ಮೂರು ಕಿಲೋ ಇರಬಹುದು. ಒಂದೇ ಮನೆತನ. ಮೊದಲು ಬಂದವರು ನೆಲಕ್ಕಿಳಿದು ತಾಕಹೆ ಆದರು, ಬಹಳ ತಡವಾಗಿ ಬಂದವರು ಪುಕೆಕೊ ಆಗಿ ಇನ್ನೂ ಹಾರುತ್ತಿದ್ದಾರೆ.

1898ರ ನಂತರ ತಾಕಹೆ ಯಾರ ಕಣ್ಣಿಗೂ ಬೀಳಲಿಲ್ಲ. ಮುಗಿಯಿತು ಅಂತ ಪುಸ್ತಕದಲ್ಲಿ ಬರೆದುಬಿಟ್ಟರು. ಇನ್ವರ್‌ಕಾರ್ಗಿಲ್‌ನ ವೈದ್ಯ ಜೆಫ್ರಿ ಓರ್ಬೆಲ್ ಮಾತ್ರ ನಂಬಲಿಲ್ಲ. 1948ರ ನವೆಂಬರ್ 20ರಂದು ಈ ಸರೋವರದ ಆಚೆ ದಡದ ಮರ್ಚಿಸನ್ ಬೆಟ್ಟಗಳಲ್ಲಿ ಅವರಿಗೆ ತಾಕಹೆ ಸಿಕ್ಕಿತು. ಐವತ್ತು ವರ್ಷ ಸತ್ತಿದ್ದ ಹಕ್ಕಿ ಹುಲ್ಲು ಅಗಿಯುತ್ತಾ ನಿಂತಿತ್ತು. ಈಗ ಸುಮಾರು 500 ಇವೆ.

ನೀರು ಹಾಕಲು ಬಂದ ಹೆಂಗಸನ್ನು ಮಾತಿಗೆಳೆದೆ. ಹುಲ್ಲಿನ ಬುಡದ ಮೆತ್ತನೆ ಭಾಗ ಮಾತ್ರ ತಿಂದು ಉಳಿದದ್ದು ಎಸೆಯುತ್ತದೆ, ಅದರಲ್ಲಿ ಸತ್ವ ಕಮ್ಮಿ, ಹಾಗಾಗಿ ದಿನವಿಡೀ ತಿನ್ನುತ್ತದೆ, ದಿನಕ್ಕೆ ಏಳೆಂಟು ಮೀಟರ್ ಉದ್ದದಷ್ಟು ಹಿಕ್ಕೆ ಹಾಕುತ್ತದೆ ಅಂದಳು. ಅಳೆದವರು ಯಾರು ಅಂತ ಕೇಳಲು ಇವರು ಹೊರಟಿದ್ದರು, ನಾನು ಚಿವುಟಿದೆ. ತಾಕಹೆಯ ದೊಡ್ಡ ಶತ್ರು ಸ್ಟೋಟ್, ಮುಂಗುಸಿಯ ಹಾಗಿರುವ ಸಣ್ಣ ಪ್ರಾಣಿ. 1880ರ ದಶಕದಲ್ಲಿ ಮೊಲದ ಕಾಟ ತಡೆಯಲು ಅಂತ ಬಿಳಿಯರೇ ತಂದು ಬಿಟ್ಟದ್ದು. ಮೊಲವೂ ಉಳಿಯಿತು, ಸ್ಟೋಟೂ ಉಳಿಯಿತು.

ರಾತ್ರಿ ಬಾಡಿಗೆ ಮನೆಯ ಅಡಿಗೆಮನೆಯಲ್ಲಿ ಅನ್ನ, ತಿಳಿಸಾರು. ಸರೋವರದ ದಡದಲ್ಲಿ ನುಸಿ ಕಡಿದ ಜಾಗ ನಾಲ್ಕು ದಿನ ತುರಿಸಿತು. ಉದ್ದ ತೋಳಿನ ಅಂಗಿ ಹಾಕಿಕೊಳ್ಳದ್ದು ನನ್ನದೇ ತಪ್ಪು.

ನಾಲ್ಕನೇ ದಿನ: ರಾಕಿಯುರಾ

ಬ್ಲಫ್‌ನಿಂದ ಸ್ಟೀವರ್ಟ್ ದ್ವೀಪಕ್ಕೆ ಹಡಗಿನಲ್ಲಿ ಒಂದೇ ಗಂಟೆ. ಮಾವೊರಿ ಜನ ಇದನ್ನು ರಾಕಿಯುರಾ ಅನ್ನುತ್ತಾರೆ. ಆ ಒಂದು ಗಂಟೆಯ ಬಗ್ಗೆ ನಾನು ಜಾಸ್ತಿ ಬರೆಯಲಾರೆ. ವಾಂತಿ ಮಾತ್ರೆಯನ್ನು ಹಡಗು ಹತ್ತುವ ಒಂದು ಗಂಟೆ ಮೊದಲೇ ನುಂಗಬೇಕು, ಹತ್ತಿದ ಮೇಲಲ್ಲ. ಹಿಂದಿನ ಸಾಲಿನಲ್ಲಿ ಕೂರಬೇಕು. ಹಡಗಿನ ಪಕ್ಕದಲ್ಲೇ ಕಡಲಕೋಳಿಗಳು ರೆಕ್ಕೆ ಅಲ್ಲಾಡಿಸದೆ ತೇಲುತ್ತಾ ಬರುತ್ತಿದ್ದವು. ಇವರು ಪ್ಲಾಸ್ಟಿಕ್ ಚೀಲದಿಂದ ಮುಖ ಎತ್ತಿ ‘ಹಾರೋದೇ ವಾಸಿ ಕಣೇ’ ಅಂದರು.

ಓಬನ್ ಅನ್ನುವ ಒಂದೇ ಊರು, ನಾನೂರು ಚಿಲ್ಲರೆ ಜನ. ದ್ವೀಪದಲ್ಲಿ ಜನರಿಗಿಂತ ಕಿವಿಗಳು ಎಷ್ಟೋ ಪಟ್ಟು ಜಾಸ್ತಿ. ಉಳಿದುಕೊಂಡ ಮನೆಯ ಯಜಮಾನಿ ದೊಡ್ಡ ಮಾತುಗಾತಿ. ಬೆಕ್ಕಿನ ಸುದ್ದಿ ಬಂದರೆ ನಿಲ್ಲಿಸುತ್ತಲೇ ಇರಲಿಲ್ಲ. ಕಾಕಾಪೋ ಅನ್ನುವ ಹಾರದ ಗಿಳಿ ಮುಗಿದೇಹೋಯಿತು ಅಂದುಕೊಂಡಿದ್ದಾಗ 1977ರಲ್ಲಿ ಇದೇ ದ್ವೀಪದ ದಕ್ಷಿಣದಲ್ಲಿ ಒಂದು ಗುಂಪು ಸಿಕ್ಕಿತು. ಆದರೆ ಬೆಕ್ಕುಗಳು ಒಂದೊಂದಾಗಿ ಹಿಡಿಯುತ್ತಿದ್ದವು. ಉಳಿದವನ್ನು ಹಿಡಿದು ಪಕ್ಕದ ವೆನುವಾ ಹೋವ್ ಮೊದಲಾದ ಬೆಕ್ಕಿಲ್ಲದ ದ್ವೀಪಗಳಿಗೆ ಸಾಗಿಸಿದರು. 1995ರಲ್ಲಿ ಲೆಕ್ಕ ಹಾಕಿದರೆ ಉಳಿದದ್ದು 51. ರಿಮು ಮರ ಚೆನ್ನಾಗಿ ಕಾಯಿ ಬಿಟ್ಟ ವರ್ಷ ಮಾತ್ರ ಅವು ಮೊಟ್ಟೆ ಇಡುತ್ತವೆ, ಅಂದರೆ ಎರಡರಿಂದ ನಾಲ್ಕು ವರ್ಷಕ್ಕೊಮ್ಮೆ. ಈಗ ಇನ್ನೂರು ದಾಟಿವೆ. ಪ್ರತಿಯೊಂದಕ್ಕೂ ಹೆಸರಿದೆ, ಬೆನ್ನಿಗೆ ಟ್ರಾನ್ಸ್‌ಮಿಟರ್ ಇದೆ. ನಮ್ಮಂಥವರಿಗೆ ಆ ದ್ವೀಪಕ್ಕೆ ಪ್ರವೇಶವಿಲ್ಲ. ಅದು ನ್ಯಾಯವೇ.

ನ್ಯೂಜಿಲೆಂಡಿನದೇ ಸ್ಟೀಫನ್ಸ್ ದ್ವೀಪದ ಕಥೆ ನನಗೆ ಮೊದಲೇ ಗೊತ್ತಿತ್ತು. 1894ರಲ್ಲಿ ಅಲ್ಲಿ ದೀಪಸ್ತಂಭ ಶುರುವಾಯಿತು, ಬೆಕ್ಕೂ ಬಂತು. ಬೆಕ್ಕು ಹಿಡಿದು ತರುತ್ತಿದ್ದ ಇಲಿಯಂಥ ಪುಟ್ಟ ಹಕ್ಕಿಯನ್ನು ಡೇವಿಡ್ ಲಯಲ್ ಅನ್ನುವ ಕಾವಲುಗಾರ ವಿಜ್ಞಾನಿಗಳಿಗೆ ಕಳುಹಿಸಿದ. ಗುಬ್ಬಿ, ಕಾಗೆಗಳ ಗಣದ್ದು, ಆದರೂ ಹಾರುತ್ತಿರಲಿಲ್ಲ. ಅದಕ್ಕೆ ಹೆಸರಿಟ್ಟು ಒಂದೆರಡು ವರ್ಷದೊಳಗೆ ಹಕ್ಕಿಯೇ ಮುಗಿದಿತ್ತು. ಒಂದೇ ಬೆಕ್ಕು ಎಲ್ಲವನ್ನೂ ತಿಂದಿತು ಅನ್ನುತ್ತಾರೆ. ಆ ಹೊತ್ತಿಗೆ ದ್ವೀಪದಲ್ಲಿ ಬೆಕ್ಕುಗಳ ಸಂಸಾರವೇ ಇತ್ತು ಅನ್ನುವುದು ಹೆಚ್ಚು ಸರಿ.

ಆ ರಾತ್ರಿ ಆಟದ ಮೈದಾನದ ಅಂಚಿನಲ್ಲಿ ಎರಡು ಗಂಟೆ ಮಳೆಯಲ್ಲಿ ನಿಂತೆವು. ಟಾರ್ಚಿಗೆ ಕೆಂಪು ಕಾಗದ ಸುತ್ತಿದ್ದೆವು, ಬಿಳಿ ಬೆಳಕು ಅವಕ್ಕಾಗದು. ಕಂಡದ್ದು ಏನೂ ಇಲ್ಲ. ಕಾಡಿನೊಳಗಿಂದ ಸೀಟಿಯ ಹಾಗೆ ಏರುತ್ತಾ ಹೋಗುವ ಗಂಡಿನ ಕೂಗು, ಆಮೇಲೆ ಗಂಟಲು ಕಟ್ಟಿದ ಹೆಣ್ಣಿನ ಉತ್ತರ. ಕಿವಿಯನ್ನು ಕಿವಿಯಲ್ಲೇ ಕೇಳಿ ವಾಪಸ್ ಬಂದೆವು.

ಐದನೇ ದಿನ: ಉಲ್ವಾ

ಪಕ್ಕದ ಪುಟ್ಟ ದ್ವೀಪ ಉಲ್ವಾಕ್ಕೆ ದೋಣಿಯಲ್ಲಿ ಹತ್ತು ನಿಮಿಷ. ಹತ್ತುವ ಮೊದಲು ಬ್ಯಾಗು ಬಿಚ್ಚಿ ಇಲಿ ಇಲ್ಲ ಅಂತ ನೋಡಿಕೊಳ್ಳಬೇಕು, ಶೂ ಉಜ್ಜಬೇಕು, ಕಾಲುಚೀಲದಲ್ಲಿ ಬೀಜ ಅಂಟಿದ್ದರೆ ಕೀಳಬೇಕು. ಹಿಂದೆ ಇಲ್ಲೊಂದು ಅಂಚೆ ಕಚೇರಿ ಇತ್ತು. ಜನ ದಪ್ಪ ಎಲೆಯ ಬೆನ್ನ ಮೇಲೆ ಕಾಗದ ಬರೆದು ಕಳಿಸುತ್ತಿದ್ದರಂತೆ. ನಮ್ಮ ತಾಳೆಗರಿ ನೆನಪಾಯಿತು.

ಕಾಡು ನಮ್ಮ ಮಲೆನಾಡಿನಷ್ಟೇ ಹಸಿ. ಜರಿಗಿಡ, ಪಾಚಿ, ತೊಟ್ಟಿಕ್ಕುವ ನೀರು. ಜಿಗಣೆ ಮಾತ್ರ ಇಲ್ಲ, ಅದೊಂದು ಪುಣ್ಯ. ಮಧ್ಯಾಹ್ನ ಮರಳ ದಂಡೆಯಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿದೆವು. ಇವರು ಶೂ, ಕಾಲುಚೀಲ ತೆಗೆದು ನೀರಿಗೆ ಕಾಲು ಇಳಿಬಿಟ್ಟರು. ಆಗ ಪೊದೆಯಿಂದ ವೆಕಾ ಅನ್ನುವ ಹಕ್ಕಿ ಬಂತು. ಕಂದು ಬಣ್ಣ, ಗಿಡ್ಡ ಬಾಲ ಕುಣಿಸುವ ನಡಿಗೆ, ಕತ್ತು ಮುಂದೆ ಹಾಕಿ ಒಂದು ಕಣ್ಣಿನಲ್ಲಿ ನೋಡುವ ರೀತಿ. ಯಾರೇ ನೋಡಿದರೂ ಕೋಳಿ ಅನ್ನಬೇಕು. ರೆಕ್ಕೆ ಇದೆ, ಹಾರುವುದಿಲ್ಲ.

ನಾನು ಕೆಂಪು ಗೀಟು ಎಳೆದ ಉತ್ತರಪತ್ರಿಕೆಗಳೆಲ್ಲ ಒಟ್ಟಿಗೆ ನೆನಪಾದವು.

ಅದಕ್ಕೆ ತಿನ್ನಲು ಏನೂ ಕೊಡಬಾರದು. ಹಾಗಾಗಿ ನಾನು ಡಬ್ಬಿಯನ್ನು ಎದೆಗೆ ಅವಚಿಕೊಂಡೆ. ವೆಕಾ ನನ್ನನ್ನು ಒಮ್ಮೆ ನೋಡಿತು, ಡಬ್ಬಿಯನ್ನು ಒಮ್ಮೆ ನೋಡಿತು. ಆಮೇಲೆ ಆರಾಮಾಗಿ ಪಕ್ಕಕ್ಕೆ ಹೋಗಿ ಇವರ ಎಡಗಾಲಿನ ಕಾಲುಚೀಲ ಕಚ್ಚಿಕೊಂಡು ಪೊದೆಗೆ ಓಡಿತು. ಇವರು ‘ಏಯ್ ಏಯ್’ ಅಂತ ಬರಿಗಾಲಲ್ಲಿ ಹಿಂದೆ ಓಡಿದರು. ಮೇಘಾ ನಗುತ್ತಾ ಮರಳಿನಲ್ಲಿ ಕುಸಿದಳು. ಹತ್ತು ನಿಮಿಷ ಹುಡುಕಿದೆವು. ಬಟ್ಟೆ ಬಿಟ್ಟು ಬರಬಾರದಲ್ಲ ಅಂತ ದೋಣಿಯವನಿಗೂ ಹೇಳಿದೆವು. ವೆಕಾ ಕದ್ದ ಚಮಚ, ಕನ್ನಡಕದ ಡಬ್ಬಿ ಎಲ್ಲ ತನಗೆ ಆಗಾಗ ಸಿಗುತ್ತವೆ, ಸಿಕ್ಕರೆ ಎತ್ತಿಡುತ್ತೇನೆ ಅಂದ.

ರಾತ್ರಿ ಮಳೆ ಇರಲಿಲ್ಲ. ಹನ್ನೊಂದೂವರೆಗೆ ಮನೆಗೆ ಹೋಗೋಣ ಅಂತ ತಿರುಗಿದಾಗ ಮೇಘಾ ನನ್ನ ತೋಳು ಹಿಡಿದಳು. ದಾರಿಯ ಪಕ್ಕ ಒಣ ಎಲೆ ಸರಬರ ಅಂದಿತು. ಕೆಂಪು ಬೆಳಕಿನಲ್ಲಿ ಒಂದು ತೆಂಗಿನ ನಾರಿನ ಮೂಟೆ ನಡೆದು ಬಂತು. ಹೆಜ್ಜೆ ಹೆಜ್ಜೆಗೂ ಉದ್ದ ಕೊಕ್ಕನ್ನು ಮಣ್ಣಿಗೆ ಚುಚ್ಚಿ ಮೂಸುತ್ತದೆ. ಬೇರೆ ಹಕ್ಕಿಗಳಿಗೆ ಮೂಗಿನ ಹೊಳ್ಳೆ ಕೊಕ್ಕಿನ ಬುಡದಲ್ಲಿ, ಇದಕ್ಕೆ ತುದಿಯಲ್ಲಿ. ಮಣ್ಣು ಮೂಗಿಗೆ ಹೋದಾಗ ನಮ್ಮ ಹಾಗೇ ‘ಫುಸ್’ ಅಂತ ಸೀನುತ್ತದೆ. ಹೆಣ್ಣು ತನ್ನ ತೂಕದ ಐದನೇ ಒಂದು ಪಾಲಿನಷ್ಟು ದೊಡ್ಡ ಮೊಟ್ಟೆ ಇಡುತ್ತದೆ. ಈ ದ್ವೀಪದ ಕಿವಿಗಳಲ್ಲಿ ಅಪ್ಪ, ಅಮ್ಮ, ಹಿಂದಿನ ವರ್ಷಗಳ ಮಕ್ಕಳು ಎಲ್ಲ ಸೇರಿ ಕಾವು ಕೊಡುತ್ತಾರೆ, ಒಟ್ಟು ಕುಟುಂಬ. ಇದನ್ನೆಲ್ಲ ಆಮೇಲೆ ಹೇಳಿದೆ. ಆಗ ಮೂವರೂ ಉಸಿರು ಬಿಗಿಹಿಡಿದು ನಿಂತಿದ್ದೆವು. ಅದು ನಮ್ಮ ಮುಂದೆಯೇ ಹಾದು, ಇನ್ನೊಮ್ಮೆ ಸೀನಿ, ಜರಿಗಿಡದೊಳಗೆ ಹೋಯಿತು.

‘ಕನ್ನಡೀಲಿ ಕಾಣೋ ಎರಡು ಕಿವಿ ಸಾಕು ಅಂದಿದ್ರಲ್ಲ ಭಟ್ರು’ ಅಂತ ಪಿಸುಗುಟ್ಟಿದರು ಇವರು. ದನಿ ಒದ್ದೆಯಾಗಿತ್ತು. ಶೀತ ಇರಬೇಕು.

ಆರನೇ ದಿನ

ವಾಪಸ್ ಬರುವಾಗ ಕಡಲು ಕೊಳದ ಹಾಗೆ ಶಾಂತ. ಮಾತ್ರೆ ನುಂಗಿದ್ದು ದಂಡ. ಇನ್ವರ್‌ಕಾರ್ಗಿಲ್‌ನಲ್ಲಿ ಕೊನೆಯ ಚೀಸ್ ರೋಲ್ ತಿಂದು ಡನೀಡನ್ ಸೇರಿದಾಗ ಕತ್ತಲಾಗಿತ್ತು.

ಊರಿಗೆ ಬಂದು ಬಟ್ಟೆ ಒಗೆಯುವಾಗ ಬಲಗಾಲಿನ ಕಾಲುಚೀಲ ಸಿಕ್ಕಿತು. ಒಲೆ ಒರೆಸೋಕೆ ಇಟ್ಟುಕೊಳ್ಳಲಾ ಅಂದೆ. ಬೇಡ, ಇರಲಿ ಅಂದರು. ಈಗಲೂ ಬೀರುವಿನ ಮೇಲಿನ ಖಾನೆಯಲ್ಲಿದೆ. ದೋಣಿಯವನು ಮೇಘಾಳ ನಂಬರ್ ತೆಗೆದುಕೊಂಡಿದ್ದಾನಲ್ಲ, ಸಿಕ್ಕರೆ ಫೋನ್ ಮಾಡುತ್ತಾನೆ ಅಂತ ಇವರ ನಂಬಿಕೆ.